ತಿಂಗಳು ತಿಂಗಳು ಮಾತ್ರೆ ಕೊಡುತ್ತಿದ್ದರೂ ನಾಯಿಗೆ ವರ್ಷಕ್ಕೊಮ್ಮೆ ಹಾರ್ಟ್‌ವರ್ಮ್ ಟೆಸ್ಟ್ ಬೇಕೇ? ಬಿಲ್ ಹಗುರ ಮಾಡುವುದು ಹೇಗೆ?

ಅಮೆರಿಕದಲ್ಲಿ ನಾಯಿ ಸಾಕಿದವರಿಗೆ ಇದು ವರ್ಷಾವರ್ಷದ ತಕರಾರು. ಒಂದು ತಿಂಗಳೂ ತಪ್ಪಿಸದೆ ಹಾರ್ಟ್‌ವರ್ಮ್ ಮಾತ್ರೆ ಕೊಟ್ಟಿರುತ್ತೀರಿ. ಡಬ್ಬಿ ಖಾಲಿಯಾಯಿತೆಂದು ಹೊಸದು ಕೇಳಿದರೆ ಕ್ಲಿನಿಕ್‌ನವರು ‘ಮೊದಲು ರಕ್ತ ಪರೀಕ್ಷೆ ಆಗಬೇಕು’ ಅನ್ನುತ್ತಾರೆ. ರೋಗ ಬರದಿರಲೆಂದೇ ಔಷಧಿ ಕೊಟ್ಟ ಮೇಲೆ ರೋಗ ಬಂದಿದೆಯೇ ಎಂದು ನೋಡಲು ಮತ್ತೆ ದುಡ್ಡು ಕೊಡಬೇಕೇ? ಕೊಡಿ, ಟೆಸ್ಟ್ ಬಿಡಬೇಡಿ. ಆದರೆ ಟೆಸ್ಟ್‌ನ ಹೆಸರಿನಲ್ಲಿ ಬಿಲ್ಲಿಗೆ ಸೇರಿಕೊಳ್ಳುವ ಎಲ್ಲವೂ ನಿಮ್ಮ ನಾಯಿಗೆ ಬೇಕೆಂದೇನೂ ಇಲ್ಲ.

ಮಾತ್ರೆ ಮಾಡುವ ಕೆಲಸವೇನು

ಹಾರ್ಟ್‌ವರ್ಮ್, ಅಂದರೆ ಡೈರೊಫಿಲೇರಿಯಾ ಇಮಿಟಿಸ್ ಎಂಬ ದಾರದಂಥ ಹುಳು, ಸೊಳ್ಳೆ ಕಚ್ಚುವುದರಿಂದ ಬರುತ್ತದೆ. ಸೊಳ್ಳೆ ಬಿಟ್ಟುಹೋದ ಮರಿಹುಳು ಕೆಲವು ದಿನಗಳಲ್ಲಿ ಒಮ್ಮೆ ಪೊರೆ ಕಳಚುತ್ತದೆ, 50ರಿಂದ 70 ದಿನಗಳೊಳಗೆ ಇನ್ನೊಮ್ಮೆ ಕಳಚಿ ರಕ್ತನಾಳ ಸೇರುತ್ತದೆ. ಆರೇಳು ತಿಂಗಳಿಗೆ ಬೆಳೆದು ಶ್ವಾಸಕೋಶದ ರಕ್ತನಾಳಗಳಲ್ಲಿ ಬೀಡುಬಿಡುತ್ತದೆ. ಹೆಣ್ಣು ಹುಳು 25ರಿಂದ 30 ಸೆಂ.ಮೀ. ಉದ್ದ, ಆಯಸ್ಸು 5ರಿಂದ 7 ವರ್ಷ.

ಈ ಔಷಧಿಗಳಲ್ಲಿರುವ ಐವರ್ಮೆಕ್ಟಿನ್, ಮಿಲ್ಬೆಮೈಸಿನ್, ಮಾಕ್ಸಿಡೆಕ್ಟಿನ್ ಇವೆಲ್ಲ ಕೊಲ್ಲುವುದು ಎಳೆಯ ಹಂತದ ಹುಳುಗಳನ್ನು. ಜೂನ್ 1ರಂದು ಕೊಟ್ಟ ಮಾತ್ರೆ ಮೇ ತಿಂಗಳಲ್ಲಿ ಹೊಕ್ಕ ಮರಿಗಳನ್ನು ತೆಗೆಯುತ್ತದೆ. ಅದು ಜೂನ್ ತಿಂಗಳಿಗೆ ಹಾಕಿದ ಬೇಲಿ ಎಂದು ತಿಳಿದವರೇ ಹೆಚ್ಚು. ಎರಡು ತಿಂಗಳು ದಾಟಿದ ಹುಳುವಿನ ಮೇಲೆ ಈ ಪ್ರಮಾಣದ ಔಷಧಿಯನ್ನು ನಂಬಿಕೊಳ್ಳುವಂತಿಲ್ಲ. ಹಾಗಾಗಿ ಒಂದು ಡೋಸ್ ಬಿಟ್ಟುಹೋದರೆ ಮುಂದಿನದು ಸರಿಯಾಗಿ ಕೊಟ್ಟರೂ ಮಧ್ಯೆ ನುಸುಳಿದ ಹುಳು ಉಳಿದುಕೊಳ್ಳಬಹುದು.

ತಪ್ಪದೆ ಕೊಟ್ಟರೂ ಟೆಸ್ಟ್ ಏಕೆ

‘ಕೊಟ್ಟಿದ್ದೇನೆ’ ಎನ್ನುವುದಕ್ಕೂ ‘ನಾಯಿಯ ಮೈಗೆ ಸೇರಿದೆ’ ಎನ್ನುವುದಕ್ಕೂ ವ್ಯತ್ಯಾಸವಿದೆ. ಮಾಂಸದ ವಾಸನೆಯ ಚ್ಯೂ (ಅಗಿಯುವ ಮಾತ್ರೆ) ಬಾಯಿಗೆ ಹಾಕಿಕೊಂಡ ನಾಯಿ ಸೋಫಾದ ಹಿಂದೆ ಹೋಗಿ ಅರ್ಧ ಉಗುಳಿರುತ್ತದೆ, ಅದು ಸಿಗುವುದು ಮುಂದಿನ ಸಲ ವ್ಯಾಕ್ಯೂಮ್ ಹಾಕಿದಾಗ. ಇನ್ನು ಕೆಲವು ಹುಲ್ಲಿನ ಮೇಲೆ ವಾಂತಿ ಮಾಡಿರುತ್ತವೆ, ಯಾರೂ ನೋಡಿರುವುದಿಲ್ಲ. ತೂಕದ್ದೂ ಇದೇ ಕಥೆ. ಹಾರ್ಟ್‌ಗಾರ್ಡ್ ಪ್ಲಸ್ ಎಂಬ ಮಾತ್ರೆಯ ನೀಲಿ ಡಬ್ಬಿ 25 ಪೌಂಡ್‌ವರೆಗೆ (68 ಮೈಕ್ರೋಗ್ರಾಂ ಐವರ್ಮೆಕ್ಟಿನ್), ಹಸಿರು 26ರಿಂದ 50ರವರೆಗೆ (136), ಕಂದು 51ರಿಂದ 100ರವರೆಗೆ (272). 24 ಪೌಂಡ್ ಇದ್ದಾಗ ವರ್ಷದ ನೀಲಿ ಡಬ್ಬಿ ತಂದಿಟ್ಟುಕೊಂಡಿರಿ, ಚಳಿಗಾಲ ಮುಗಿಯುವ ಹೊತ್ತಿಗೆ ನಾಯಿ 28 ಪೌಂಡ್. ಉಳಿದ ತಿಂಗಳೆಲ್ಲ ಡೋಸ್ ಸಾಲದು.

ಇದಿಷ್ಟೂ ಮನೆಯ ಲೋಪ. ಔಷಧಿಗೇ ಬಗ್ಗದ ಹುಳುಗಳೂ ಇವೆ. ಮಿಸಿಸಿಪ್ಪಿ ನದಿಯ ಕೆಳಪಾತ್ರದಲ್ಲಿ, ಅಂದರೆ ಲೂಯಿಸಿಯಾನ, ಮಿಸಿಸಿಪ್ಪಿ, ಅರ್ಕಾನ್ಸಾ ಸುತ್ತಮುತ್ತ, ಇಂಥ ತಳಿಗಳು ದೃಢಪಟ್ಟಿವೆ. ಅಲ್ಲಿಂದ ರಕ್ಷಣಾ ಕೇಂದ್ರಗಳ ನಾಯಿಗಳು ಉತ್ತರದ ರಾಜ್ಯಗಳಿಗೆ ದತ್ತು ಹೋಗುತ್ತಲೇ ಇರುವುದರಿಂದ, ‘ನಮ್ಮೂರಲ್ಲಿ ಅದೆಲ್ಲ ಇಲ್ಲ’ ಎಂದು ನಿಶ್ಚಿಂತೆಯಿಂದಿರುವಂತಿಲ್ಲ.

ಅಮೆರಿಕನ್ ಹಾರ್ಟ್‌ವರ್ಮ್ ಸೊಸೈಟಿಯ ಸಲಹೆ: ವರ್ಷವಿಡೀ ಔಷಧಿ, ವರ್ಷಕ್ಕೊಮ್ಮೆ ಟೆಸ್ಟ್. ಇದು ಕಾನೂನಲ್ಲ, ಶಿಫಾರಸು. ಆದರೆ ಅಮೆರಿಕದಲ್ಲಿ ಈ ಔಷಧಿಗಳು ಪಶುವೈದ್ಯರ ಚೀಟಿಯಿಲ್ಲದೆ ಸಿಗುವುದಿಲ್ಲ. ಚೀಟಿ ಬರೆಯುವ ಮುನ್ನ ಟೆಸ್ಟ್ ಕೇಳುವುದು ಕ್ಲಿನಿಕ್‌ನ ನಿಯಮ. ಅದರ ಹಿಂದೆ ಒಂದು ನಿಜವಾದ ಅಪಾಯವೂ ಇದೆ. ರಕ್ತದಲ್ಲಿ ಮೈಕ್ರೋಫಿಲೇರಿಯಾ, ಅಂದರೆ ಬೆಳೆದ ಹುಳು ಹೆತ್ತ ಸೂಕ್ಷ್ಮಮರಿಗಳು, ತುಂಬಿರುವ ನಾಯಿಗೆ ಮಾತ್ರೆ ಕೊಟ್ಟರೆ ಅವು ಒಟ್ಟಿಗೆ ಸತ್ತು ನಾಯಿ ಶಾಕ್‌ಗೆ ಹೋಗಬಹುದು. ಮಿಲ್ಬೆಮೈಸಿನ್‌ನಲ್ಲಿ ಈ ಭಯ ಹೆಚ್ಚು.

ಅರಿಜೋನಾದಂಥ ಒಣ ಪ್ರದೇಶದಲ್ಲಿ, ವರ್ಷಕ್ಕೊಮ್ಮೆ ಕ್ಲಿನಿಕ್‌ನಲ್ಲೇ ಪ್ರೋಹಾರ್ಟ್ 12 ಚುಚ್ಚುಮದ್ದು ಹಾಕಿಸಿಕೊಳ್ಳುವ, ಊರು ಬಿಟ್ಟು ಹೋಗದ ನಾಯಿಗೆ ಸೋಂಕು ತಗಲುವ ಸಂಭವ ಕಡಿಮೆಯೇ. ಅಂಥ ಕಡೆ ‘ಒಂದು ವರ್ಷ ಬಿಟ್ಟು ಮಾಡಿಸೋಣವೇ?’ ಎಂದು ವೈದ್ಯರನ್ನು ಕೇಳುವುದರಲ್ಲಿ ತಪ್ಪಿಲ್ಲ. ಟೆಕ್ಸಾಸ್, ಫ್ಲೋರಿಡಾ, ಜಾರ್ಜಿಯಾ, ಕ್ಯಾರೊಲಿನಾಗಳಲ್ಲಿ ಇದ್ದರೆ ಕೇಳುವ ಗೊಡವೆಯೇ ಬೇಡ.

ಟೆಸ್ಟ್ ಯಾವಾಗ

ಸಾಮಾನ್ಯ ಟೆಸ್ಟ್ ಹುಡುಕುವುದು ಬೆಳೆದ ಹೆಣ್ಣು ಹುಳು ರಕ್ತಕ್ಕೆ ಬಿಡುವ ಪ್ರೋಟೀನ್, ಅಂದರೆ ಆ್ಯಂಟಿಜೆನ್ ಅನ್ನು. ಸೊಳ್ಳೆ ಕಚ್ಚಿ ಸುಮಾರು ಆರು ತಿಂಗಳಾಗುವವರೆಗೆ ಅದು ರಕ್ತದಲ್ಲಿ ಸಿಗುವುದಿಲ್ಲ. ಉಳಿದ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ.

ಏಳು ತಿಂಗಳೊಳಗಿನ ಮರಿಗೆ ಟೆಸ್ಟ್ ಮಾಡಿಸಿ ದುಡ್ಡು ಹಾಳುಮಾಡಬೇಡಿ. ಎಂಟು ವಾರದ ಹೊತ್ತಿಗೆ ಔಷಧಿ ಶುರುಮಾಡಿ, ಆರು ತಿಂಗಳಾದ ಮೇಲೆ ಮೊದಲ ಟೆಸ್ಟ್, ಮತ್ತೆ ಆರು ತಿಂಗಳಿಗೆ ಇನ್ನೊಂದು, ಆಮೇಲೆ ವರ್ಷಕ್ಕೊಮ್ಮೆ. ಏಳು ತಿಂಗಳು ದಾಟಿದ ನಾಯಿಯನ್ನು ದತ್ತು ತಂದರೆ ಮೊದಲು ಟೆಸ್ಟ್, ಆಮೇಲೆ ಮಾತ್ರೆ, ಆರು ತಿಂಗಳಿಗೆ ಮತ್ತೊಂದು ಟೆಸ್ಟ್.

ಡೋಸ್ ತಪ್ಪಿದರೆ? ವೈದ್ಯರಿಗೆ ಫೋನ್ ಮಾಡಿ, ತಡಮಾಡದೆ ಔಷಧಿ ಮತ್ತೆ ಶುರುಮಾಡಿ. ಈಗೊಂದು ಟೆಸ್ಟ್, ಆರು ತಿಂಗಳಿಗೆ ಇನ್ನೊಂದು. ಈಗಿನ ಟೆಸ್ಟ್ ಹೇಳುವುದು ಆರು ತಿಂಗಳ ಹಿಂದಿನ ಸ್ಥಿತಿಯನ್ನು, ಮುಂದಿನದು ಹೇಳುವುದು ಬಿಟ್ಟುಹೋದ ತಿಂಗಳ ಫಲವನ್ನು. ಮೊದಲನೆಯದು ನೆಗೆಟಿವ್ ಬಂದಿತೆಂದು ಎರಡನೆಯದನ್ನು ಬಿಡುವವರು ಬಹಳ. ದುಡ್ಡು ಒಂದಕ್ಕೇ ಇರುವುದಾದರೂ ಎರಡನೆಯದನ್ನು ಬಿಡಬೇಡಿ.

ಕ್ಲಿನಿಕ್‌ನಲ್ಲಿ ನಡೆಯುವುದು

ಎಲ್ಲೆಡೆ ಕಾಣುವುದು ಐಡೆಕ್ಸ್ ಕಂಪನಿಯ ಸ್ನ್ಯಾಪ್ 4ಡಿಎಕ್ಸ್ ಪ್ಲಸ್. ಮೂರು ಹನಿ ರಕ್ತ, ನಾಲ್ಕು ಹನಿ ಕಾಂಜುಗೇಟ್ ದ್ರವ ಬೆರೆಸಿ ಬಿಳಿ ಪ್ಲಾಸ್ಟಿಕ್ ಸಾಧನದ ಬಾವಿಗೆ ಹೊಯ್ಯುತ್ತಾರೆ, ಒತ್ತಿದಾಗ ಟಪ್ ಎನ್ನುತ್ತದೆ, 8 ನಿಮಿಷಕ್ಕೆ ನೀಲಿ ಚುಕ್ಕೆ ಓದುತ್ತಾರೆ. ಹಾರ್ಟ್‌ವರ್ಮ್ ಜೊತೆಗೆ ಉಣ್ಣಿ (ಟಿಕ್) ಕಚ್ಚುವುದರಿಂದ ಬರುವ ಲೈಮ್, ಎರ್ಲಿಕಿಯಾ, ಅನಾಪ್ಲಾಸ್ಮಾ ಸೋಂಕುಗಳು ಕೂಡ ಅದರಲ್ಲೇ ತಿಳಿಯುತ್ತವೆ. ಕಿಟ್ ಫ್ರಿಜ್‌ನಿಂದ ತೆಗೆದ ಕೂಡಲೇ ಬಳಸಿದರೆ, ಅಥವಾ 8 ನಿಮಿಷ ಮೀರಿ ಓದಿದರೆ ಫಲಿತಾಂಶ ನೆಚ್ಚುವಂತಿಲ್ಲ.

ಆ್ಯಂಟಿಜೆನ್ ಜೊತೆ ಮೈಕ್ರೋಫಿಲೇರಿಯಾ ಪರೀಕ್ಷೆಯನ್ನೂ ಮಾಡಬೇಕೆಂಬುದು ಸೊಸೈಟಿಯ ಸಲಹೆ. ಒಂದು ಹನಿ ರಕ್ತವನ್ನು ಸೂಕ್ಷ್ಮದರ್ಶಕದಡಿ ನೋಡುವುದು ಸುಲಭ, ಆದರೆ ಮರಿಗಳು ಕಡಿಮೆಯಿದ್ದರೆ ತಪ್ಪಿಹೋಗುತ್ತವೆ. ಮಾರ್ಪಡಿಸಿದ ನಾಟ್ ವಿಧಾನ ಇನ್ನೂ ನಿಖರ: 1 ಮಿ.ಲೀ. ರಕ್ತಕ್ಕೆ 9 ಮಿ.ಲೀ. 2% ಫಾರ್ಮಲಿನ್ ಸೇರಿಸಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ತಳಕ್ಕಿಳಿದದ್ದಕ್ಕೆ ಬಣ್ಣ ಹಾಕಿ ನೋಡುತ್ತಾರೆ. ಗಂಡು ಹುಳು ಮಾತ್ರ ಇದ್ದರೆ, ಒಂದೋ ಎರಡೋ ಹುಳು ಇದ್ದರೆ, ಅಥವಾ ಆ್ಯಂಟಿಜೆನ್‌ಗೆ ನಾಯಿಯದೇ ಪ್ರತಿಕಾಯ ಅಂಟಿಕೊಂಡಿದ್ದರೆ ಆ್ಯಂಟಿಜೆನ್ ಟೆಸ್ಟ್ ನೆಗೆಟಿವ್ ತೋರಿಸಬಹುದು.

ಪಾಸಿಟಿವ್ ಬಂದರೆ ಗಾಬರಿಯಾಗಿ ಅಂದೇ ಚಿಕಿತ್ಸೆಗೆ ಒಪ್ಪಬೇಡಿ. 1000 ನಾಯಿಗಳಲ್ಲಿ ಒಂದಕ್ಕೆ ಮಾತ್ರ ನಿಜವಾಗಿ ಹುಳುವಿದೆ, ಟೆಸ್ಟ್ ನೂರಕ್ಕೆ ಒಂದು ಸಲ ಸುಳ್ಳು ಪಾಸಿಟಿವ್ ಕೊಡುತ್ತದೆ ಎಂದಿಟ್ಟುಕೊಳ್ಳಿ. ಬರುವ ಹನ್ನೊಂದು ಪಾಸಿಟಿವ್‌ಗಳಲ್ಲಿ ಹತ್ತು ಸುಳ್ಳು. ಆದ್ದರಿಂದ ಬೇರೆ ಕಂಪನಿಯ ಕಿಟ್‌ನಿಂದ ಮತ್ತೊಂದು ಆ್ಯಂಟಿಜೆನ್ ಟೆಸ್ಟ್, ಜೊತೆಗೆ ಮೈಕ್ರೋಫಿಲೇರಿಯಾ ನೋಡಿಸಿ ಖಚಿತಪಡಿಸಿಕೊಳ್ಳಿ. ತಪ್ಪದೆ ಔಷಧಿ ತಿಂದ, ಲಕ್ಷಣವೇ ಇಲ್ಲದ ನಾಯಿಯಲ್ಲಂತೂ ಇದು ಆಗಲೇಬೇಕು.

ಬಿಲ್ ಓದುವುದು, ಇಳಿಸುವುದು

ಊರಿಂದ ಊರಿಗೆ ದರ ಬೇರೆ. ಅಂದಾಜಿಗೆ, ಹಾರ್ಟ್‌ವರ್ಮ್ ಒಂದಕ್ಕೇ ಆದರೆ 30ರಿಂದ 60 ಡಾಲರ್, ನಾಲ್ಕೂ ಸೇರಿದ ಟೆಸ್ಟ್ 50ರಿಂದ 100, ವೈದ್ಯರು ನೋಡುವ ಶುಲ್ಕ ಬೇರೆ 60ರಿಂದ 100. ಅಂದರೆ ಬಿಲ್ಲಿನ ದೊಡ್ಡ ಪಾಲು ಎಷ್ಟೋ ಸಲ ಟೆಸ್ಟ್‌ನದ್ದೇ ಅಲ್ಲ. ಅಪಾಯಿಂಟ್‌ಮೆಂಟ್‌ಗೆ ಫೋನ್ ಮಾಡಿದಾಗಲೇ ಕೇಳಿ:

– ಟೆಕ್ನಿಷಿಯನ್ ಅಪಾಯಿಂಟ್‌ಮೆಂಟ್ ಇದೆಯೇ? ವರ್ಷದ ತಪಾಸಣೆ ಆಗಲೇ ಆಗಿದ್ದರೆ ರಕ್ತ ಮಾತ್ರ ತೆಗೆಸಿಕೊಂಡು ಬರಬಹುದು, ನೋಡುವ ಶುಲ್ಕ ಉಳಿಯುತ್ತದೆ.
– ಹಾರ್ಟ್‌ವರ್ಮ್ ಮಾತ್ರದ ಟೆಸ್ಟ್ ಮಾಡುತ್ತೀರಾ? ಕೆಲವರು ನಾಲ್ಕರದ್ದನ್ನೇ ಇಟ್ಟಿರುತ್ತಾರೆ, ಹೊರಗಿನ ಲ್ಯಾಬ್‌ಗೆ ಕಳಿಸಿದರೆ ಅಗ್ಗವಾಗಬಹುದು.
– ಔಷಧಿಯ ಚೀಟಿ ಬರೆದುಕೊಡುತ್ತೀರಾ? ಆನ್‌ಲೈನ್ ಔಷಧಾಲಯಗಳ ಮತ್ತು ಕ್ಲಿನಿಕ್‌ನ ದರ ಹೋಲಿಸಿ. ಹನ್ನೆರಡು ತಿಂಗಳ ಪ್ಯಾಕ್‌ಗೆ ಕಂಪನಿಯ ರಿಬೇಟ್ ಇದ್ದರೆ ಕ್ಲಿನಿಕ್‌ನಲ್ಲೇ ಸೋವಿ ಬೀಳುವುದುಂಟು.

ನಾಲ್ಕರ ಟೆಸ್ಟ್ ಯಾರಿಗೆ ಬೇಕು ಎಂಬುದು ಉಣ್ಣಿಯ ಪ್ರಶ್ನೆ. ನ್ಯೂಜರ್ಸಿ, ಕನೆಕ್ಟಿಕಟ್, ಮಿನೆಸೋಟ, ವಿಸ್ಕಾನ್ಸಿನ್‌ನಲ್ಲಿ ನಾಯಿಯನ್ನು ಟ್ರೇಲ್‌ಗೆ (ಕಾಡುದಾರಿಗೆ) ಕರೆದೊಯ್ಯುವವರಿಗೆ ಅದು ಸರಿಯಾದ ಖರ್ಚು. ಉಳಿದವರು ಯೋಚಿಸಿ. ಲೈಮ್ ಚುಕ್ಕೆ ಮೂಡಿದರೆ ನಾಯಿ ಎಂದೋ ಸೋಂಕಿಗೆ ಒಡ್ಡಿಕೊಂಡಿತ್ತು ಎಂದಷ್ಟೇ ಅರ್ಥ, ಆದರೆ ಅದರ ಹಿಂದೆಯೇ ಮೂತ್ರ ಪರೀಕ್ಷೆ, ಇನ್ನೊಂದು ರಕ್ತ ಪರೀಕ್ಷೆ ಸಾಲುಗಟ್ಟುತ್ತವೆ.

ಪೆಟ್ ಅಂಗಡಿಗಳಲ್ಲಿ ವಾರಾಂತ್ಯ ನಡೆಯುವ ಲಸಿಕೆ ಶಿಬಿರಗಳು, ಊರಿನ ಹ್ಯೂಮೇನ್ ಸೊಸೈಟಿಗಳು ಕಡಿಮೆ ದರದಲ್ಲಿ ಟೆಸ್ಟ್ ಮಾಡುತ್ತವೆ. ಫಲಿತಾಂಶದ ಕಾಗದ ಕೇಳಿ ಪಡೆದು ನಿಮ್ಮ ಕ್ಲಿನಿಕ್‌ಗೆ ಕಳಿಸಿ. ಒಪ್ಪುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ, ಇಲ್ಲದಿದ್ದರೆ ಎರಡು ಸಲ ದುಡ್ಡು.

ಉಳಿತಾಯ ಮಾಡಬಾರದ ಜಾಗವೂ ಒಂದಿದೆ. ದನಕರುಗಳಿಗೆ ಬಳಸುವ 1% ಐವರ್ಮೆಕ್ಟಿನ್ ಅಗ್ಗವೆಂದು ಮನೆಯಲ್ಲೇ ಹನಿ ಲೆಕ್ಕದಲ್ಲಿ ಕೊಡುವವರಿದ್ದಾರೆ. ನಾಯಿಗೆ ಬೇಕಾದದ್ದು ಕಿಲೋಗೆ 6 ಮೈಕ್ರೋಗ್ರಾಂ. 20 ಕಿಲೋ ನಾಯಿಗೆ 120 ಮೈಕ್ರೋಗ್ರಾಂ, ಅಂದರೆ ಆ ದ್ರವದ 0.012 ಮಿ.ಲೀ. ಒಂದು ಮಿ.ಲೀ. ಸಿರಿಂಜಿನ ಅತಿ ಸಣ್ಣ ಗೆರೆಯೇ 0.01. ಕೈ ಸ್ವಲ್ಪ ಜಾರಿದರೆ ಹತ್ತುಪಟ್ಟು ಹೋಗುತ್ತದೆ. ಕಾಲಿ, ಆಸ್ಟ್ರೇಲಿಯನ್ ಶೆಪರ್ಡ್‌ನಂಥ ತಳಿಗಳಲ್ಲಿ ಔಷಧಿ ಮಿದುಳಿಗೆ ಸೇರದಂತೆ ತಡೆಯುವ ಎಂಡಿಆರ್1 ಜೀನ್‌ನಲ್ಲಿ ದೋಷವಿದ್ದರೆ ಅಂಥ ಮಿತಿಮೀರಿದ ಡೋಸ್ ಮಿದುಳಿಗೇ ಹೊಡೆತ. ಡಬ್ಬಿಯ ಚ್ಯೂ ಆ ತಳಿಗಳಿಗೂ ಸುರಕ್ಷಿತ.

ಚಿಕಿತ್ಸೆಯ ಖರ್ಚು ಸಾಮಾನ್ಯವಾಗಿ 1000 ಡಾಲರ್‌ನಿಂದ 3000ದವರೆಗೆ, ದೊಡ್ಡ ನಾಯಿಗೆ ಇನ್ನೂ ಹೆಚ್ಚು. ನಾಲ್ಕು ವಾರ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್, ಒಂದು ತಿಂಗಳ ಬಿಡುವು, ಸೊಂಟದ ಸ್ನಾಯುವಿಗೆ ಬೆಳೆದ ಹುಳು ಕೊಲ್ಲುವ ಮೆಲಾರ್ಸೊಮಿನ್ ಚುಚ್ಚುಮದ್ದು ಒಂದು, ತಿಂಗಳಾದ ಮೇಲೆ ಬೆನ್ನುಬೆನ್ನಿಗೆ ಎರಡು ದಿನ ಇನ್ನೆರಡು. ಸತ್ತ ಹುಳು ಚೂರಾಗಿ ಶ್ವಾಸಕೋಶದ ನಾಳ ಕಟ್ಟಬಹುದಾದ್ದರಿಂದ ಈ ಅವಧಿಯಲ್ಲೂ ಕೊನೆಯ ಚುಚ್ಚುಮದ್ದಿನ ಬಳಿಕ 6ರಿಂದ 8 ವಾರವೂ ಓಟ, ಜಿಗಿತ ಬಂದ್. ಒಂದು ವರ್ಷದ ಲ್ಯಾಬ್ರಡಾರ್ ಅನ್ನು ಹಾಗೆ ಕೂರಿಸಿಡುವುದು ದುಡ್ಡಿಗಿಂತ ದೊಡ್ಡ ಶಿಕ್ಷೆ.

ಮನೆಯಲ್ಲಿ

ಚ್ಯೂ ಕೊಟ್ಟ ಮೇಲೆ ಕೆಲವು ನಿಮಿಷ ಕಣ್ಣಿಡಿ. ವಾಂತಿಯಾದರೆ ಯಾವ ಅವಧಿಯೊಳಗೆ ಪೂರ್ತಿ ಡೋಸ್ ಮತ್ತೆ ಕೊಡಬೇಕೆಂಬುದು ಮಾತ್ರೆಯಿಂದ ಮಾತ್ರೆಗೆ ಬೇರೆ, ಟ್ರೈಫೆಕ್ಸಿಸ್ ಎಂಬ ಮಾತ್ರೆಗೆ ಒಂದು ಗಂಟೆ. ಡಬ್ಬಿಯೊಳಗಿನ ಕಾಗದ ಎಸೆಯಬೇಡಿ. ತಿಂಗಳಿಗೊಮ್ಮೆ ನಾಯಿಯನ್ನೆತ್ತಿ ತೂಕದ ಯಂತ್ರದ ಮೇಲೆ ನಿಂತು ನಿಮ್ಮ ತೂಕ ಕಳೆಯಿರಿ. ಡಬ್ಬಿಯ ಮೇಲಿನ ಮಿತಿಗೆ ಎರಡು ಪೌಂಡ್ ಹತ್ತಿರವಿದ್ದರೆ ಆರು ತಿಂಗಳ ಪ್ಯಾಕ್ ಸಾಕು.

ಭಾರತದಿಂದ ತಂದ ನಾಯಿ

ಬೆಂಗಳೂರು, ಮೈಸೂರಿನಿಂದ ನಾಯಿಯನ್ನು ಜೊತೆಗೆ ಒಯ್ದವರು ಇದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಭಾರತದಲ್ಲಿ ಹೃದಯದ ಹುಳು ಮುಖ್ಯವಾಗಿ ವರದಿಯಾಗಿರುವುದು ಈಶಾನ್ಯದಿಂದ. ದಕ್ಷಿಣದಲ್ಲಿ ಕಾಣುವುದು ಅದರ ದಾಯಾದಿ ಡೈರೊಫಿಲೇರಿಯಾ ರೆಪೆನ್ಸ್, ಚರ್ಮದಡಿ ವಾಸಿಸುವಂಥದ್ದು. ಇದಿದ್ದರೆ ರಕ್ತದಲ್ಲಿ ಮೈಕ್ರೋಫಿಲೇರಿಯಾ ಕಾಣಬಹುದು, ಆ್ಯಂಟಿಜೆನ್ ಟೆಸ್ಟ್ ಸಾಮಾನ್ಯವಾಗಿ ನೆಗೆಟಿವ್. ಅಮೆರಿಕದ ವೈದ್ಯರಿಗೆ ರೆಪೆನ್ಸ್ ಪರಿಚಯ ಕಡಿಮೆ, ಹಾರ್ಟ್‌ವರ್ಮ್ ಎಂದೇ ಊಹಿಸಿ ಮುಂದುವರಿಯಬಹುದು. ಮೆಲಾರ್ಸೊಮಿನ್ ಮಾತು ಬಂದರೆ ಮೊದಲು ಮರಿಗಳ ಜಾತಿ ಗುರುತಿಸಲು ನಾಟ್ ವಿಧಾನ ಅಥವಾ ಪಿಸಿಆರ್ (ಡಿಎನ್‌ಎ ಪರೀಕ್ಷೆ) ಮಾಡಿಸಲು ಕೇಳಿ.

ರಸೀದಿ

ಔಷಧಿ ಕೊಂಡ ರಸೀದಿ, ವರ್ಷದ ನೆಗೆಟಿವ್ ಫಲಿತಾಂಶ ಎರಡನ್ನೂ ಒಂದೇ ಕಡೆ ಇಡಿ. ಬಿಡದೆ ಔಷಧಿ ಕೊಟ್ಟರೂ ಸೋಂಕು ಬಂದರೆ ಚಿಕಿತ್ಸೆಯ ಖರ್ಚಿಗೆ ನೆರವಾಗುವುದಾಗಿ ಹಲವು ಔಷಧ ಕಂಪನಿಗಳು ಭರವಸೆ ಕೊಡುತ್ತವೆ, ಆದರೆ ಅಧಿಕೃತವಾಗಿ ಕೊಂಡದ್ದಕ್ಕೂ ಹಿಂದಿನ ಟೆಸ್ಟ್ ನೆಗೆಟಿವ್ ಇದ್ದದ್ದಕ್ಕೂ ದಾಖಲೆ ಕೇಳುತ್ತವೆ. ಪೆಟ್ ಇನ್ಶೂರೆನ್ಸ್‌ನಲ್ಲೂ ಹಾಗೆಯೇ: ಅಪಘಾತ–ಕಾಯಿಲೆ ಪಾಲಿಸಿ ವರ್ಷದ ಟೆಸ್ಟ್‌ಗೆ ದುಡ್ಡು ಕೊಡುವುದಿಲ್ಲ, ಅದಕ್ಕೆ ವೆಲ್‌ನೆಸ್ ಎಂಬ, ವಾಡಿಕೆಯ ತಪಾಸಣೆಗೆಂದು ಇರುವ ಸೇರ್ಪಡೆ ಬೇಕು. ಔಷಧಿ ಕೊಡುತ್ತಿದ್ದಿರೆಂದು ತೋರಿಸಲಾಗದಿದ್ದರೆ ಚಿಕಿತ್ಸೆಯ ಕ್ಲೇಮನ್ನೂ ತಿರಸ್ಕರಿಸಬಹುದು.