ಮಲೇರಿಯಾ ಸೊಳ್ಳೆಯ ಮರಿಗಳನ್ನು ಪತ್ತೆ ಹಚ್ಚುವುದು ಹೇಗೆ?

ಮಲೇರಿಯಾ ಎಂದೊಡನೆ ಕೊಳಚೆ ಚರಂಡಿಯನ್ನು ದೂರುವುದು ರೂಢಿ. ಆದರೆ ಈ ರೋಗವನ್ನು ಹರಡುವ ಅನಾಫಿಲಿಸ್ ಸೊಳ್ಳೆ ಹೆಚ್ಚಾಗಿ ತಿಳಿನೀರನ್ನೇ ಅರಸುತ್ತದೆ. ಅದರಲ್ಲೂ ಪೇಟೆಗಳಲ್ಲಿ ಕಾಣುವ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಜಾತಿ ತಾರಸಿಯ ಟ್ಯಾಂಕು, ಬಾವಿ, ಕಟ್ಟಡ ಕೆಲಸದ ತೊಟ್ಟಿಗಳಲ್ಲಿ ಮೊಟ್ಟೆಯಿಡುತ್ತದೆ. ಆದ್ದರಿಂದ ಕಾಸರಗೋಡಿನ ಮನೆಗಳಲ್ಲಿ ಹುಡುಕಾಟ ಆರಂಭವಾಗಬೇಕಾದದ್ದು ಕುಡಿಯುವ ನೀರಿನ ಬಳಿಯಿಂದಲೇ.

ನಮ್ಮ ಸೆಕೆಯಲ್ಲಿ ಮೊಟ್ಟೆಯೊಂದು ಹಾರುವ ಸೊಳ್ಳೆಯಾಗಲು ಒಂದರಿಂದ ಎರಡು ವಾರ ಸಾಕಾಗುವುದರಿಂದ, ವಾರಕ್ಕೊಂದು ದಿನವನ್ನು ಇದಕ್ಕೆಂದೇ ಗೊತ್ತುಮಾಡಿಕೊಳ್ಳಿ. ಬಿಳಿ ಬಣ್ಣದ ಬಟ್ಟಲನ್ನು ನೀರಿನ ಅಂಚಿನಲ್ಲಿ ಓರೆಯಾಗಿ ಮುಳುಗಿಸಿ, ಮೇಲ್ಪದರದ ನೀರನ್ನು ನಿಧಾನವಾಗಿ ತುಂಬಿಕೊಳ್ಳಿ. ನಿಮ್ಮ ನೆರಳು ನೀರಿನ ಮೇಲೆ ಬೀಳಬಾರದು. ಬಿದ್ದರೆ ಮರಿಗಳು ತಟ್ಟನೆ ತಳಕ್ಕಿಳಿಯುತ್ತವೆ. ಒಂದೆರಡು ನಿಮಿಷ ಕಾದು ನೋಡಿದಾಗ, ಮರಿ ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಚಪ್ಪಟೆಯಾಗಿ ಮಲಗಿದ್ದರೆ ಅದು ಅನಾಫಿಲಿಸ್. ಬಾಲದ ಉಸಿರ್ಗೊಳವೆಯನ್ನು ಮೇಲಕ್ಕೆ ಚಾಚಿ ತಲೆಕೆಳಗಾಗಿ ತೂಗುತ್ತಿದ್ದರೆ ಅದು ಕ್ಯೂಲೆಕ್ಸ್ ಅಥವಾ ಈಡಿಸ್ ಎಂಬ ಬೇರೆ ಬಗೆಯ ಸೊಳ್ಳೆಯ ಮರಿ.

ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ತೆಂಗಿನ ಗೆರಟೆ, ರಬ್ಬರ್ ಮರದ ಕಪ್ಪುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಡೆಂಗಿ ಹರಡುವ ಈಡಿಸ್. ಮಲೇರಿಯಾಕ್ಕೆ ಅದು ಕಾರಣವಲ್ಲದಿದ್ದರೂ ಅದೇ ದಿನ ಅವನ್ನೂ ಕವುಚಿ ಹಾಕುವುದು ಒಳ್ಳೆಯದು.

ಟ್ಯಾಂಕಿಗೆ ಬಿಗಿಯಾದ ಮುಚ್ಚಳವಿರಲಿ; ಹೆಚ್ಚಾದ ನೀರು ಹೊರಹೋಗುವ ಪೈಪಿನ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ. ಈ ಪೈಪನ್ನು ಬಹಳ ಮಂದಿ ಮರೆಯುತ್ತಾರೆ, ಸೊಳ್ಳೆ ಮರೆಯುವುದಿಲ್ಲ. ಬಾವಿಗೂ ಬಲೆ ಹೊದಿಸಬಹುದು. ಕೆಂಪುಕಲ್ಲು ಕಡಿದ ಹೊಂಡಗಳಲ್ಲಿ ನಿಂತ ಮಳೆನೀರನ್ನು ಬರಿದು ಮಾಡಲಾಗದಿದ್ದರೆ, ಆರೋಗ್ಯ ಇಲಾಖೆಯವರ ಸಲಹೆ ಪಡೆದು ಮರಿ ತಿನ್ನುವ ಮೀನು ಬಿಡಬಹುದು; ಆದರೆ ಗ್ಯಾಂಬೂಸಿಯಾದಂಥ ಹೊರಗಿನ ಮೀನನ್ನು ತೋಡು, ಹೊಳೆಗಳಿಗೆ ಬಿಟ್ಟರೆ ಅಲ್ಲಿನ ಮೀನುಗಳಿಗೇ ಕೇಡು.

ಸೊಳ್ಳೆ ಹುಟ್ಟುವಾಗಲೇ ರೋಗ ಹೊತ್ತು ಬರುವುದಿಲ್ಲ. ರೋಗಿಯ ರಕ್ತ ಹೀರಿದ ಹೆಣ್ಣು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ರೋಗಾಣುವಾದ ಪರಾವಲಂಬಿ ಬೆಳೆಯುವುದನ್ನು ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡರು. ಆ ಪರಾವಲಂಬಿ ಸೊಳ್ಳೆಯ ಜೊಲ್ಲುಗ್ರಂಥಿಯನ್ನು ಸೇರಲು ಸುಮಾರು 10ರಿಂದ 14 ದಿನ ಬೇಕು. ಅನಾಫಿಲಿಸ್ ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ. ಹಾಗಾಗಿ ಮನೆಯಲ್ಲಿ ಜ್ವರದವರಿದ್ದರೆ ಅವರನ್ನೇ ಮೊದಲು ಸೊಳ್ಳೆಪರದೆಯೊಳಗೆ ಮಲಗಿಸಿ, ತಡಮಾಡದೆ ರಕ್ತ ಪರೀಕ್ಷೆ ಮಾಡಿಸಿ. ಮಲೇರಿಯಾದ ಒಂದು ಬಗೆಯಾದ ವೈವ್ಯಾಕ್ಸ್ ಎಂದು ತಿಳಿದರೆ, ಪರಾವಲಂಬಿ ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳ ಬಳಿಕವೂ ಮರುಕಳಿಸಬಲ್ಲದಾದ್ದರಿಂದ, ವೈದ್ಯರು ಹೇಳಿದಷ್ಟು ದಿನವೂ ಪ್ರೈಮಾಕ್ವಿನ್ ಮಾತ್ರೆಯನ್ನು ನುಂಗಬೇಕು. ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಬಾರದು.