ಒಂದು ಗ್ಯಾರೇಜ್ ಬಾಗಿಲು, ಮೂರು ಎಸ್ಟಿಮೇಟ್: ನನ್ನ ಅನುಭವ

ಒಂದು ಬೆಳಿಗ್ಗೆ ಗ್ಯಾರೇಜಿನ ಕಡೆಯಿಂದ ಪಟಾಕಿ ಸಿಡಿದಂತಹ ಸದ್ದು ಕೇಳಿಸಿತು. ಹೋಗಿ ನೋಡಿದರೆ ಎಲ್ಲವೂ ಇದ್ದ ಹಾಗೆಯೇ ಇತ್ತು. ಅರ್ಧ ಗಂಟೆಯ ನಂತರ ಕಾರು ತೆಗೆಯಲೆಂದು ಗುಂಡಿ ಒತ್ತಿದಾಗ ಮೋಟಾರ್ ಗುಂಯ್‌ಗುಟ್ಟಿತು, ಬಾಗಿಲು ನಾಲ್ಕು ಬೆರಳಿನಷ್ಟು ಮೇಲೆದ್ದು ಅಲ್ಲಿಗೇ ನಿಂತಿತು. ಮೋಟಾರ್ ಕೆಟ್ಟಿದೆಯೆಂದು ನಾನು ತೀರ್ಮಾನಿಸಿಬಿಟ್ಟೆ. ಫೋನಿನಲ್ಲಿ ಸಿಕ್ಕ ಮೊದಲ ಮೆಕ್ಯಾನಿಕ್ ಕೂಡ ಬಾಗಿಲನ್ನು ನೋಡದೆಯೇ, ಹೊಸ ಮೋಟಾರಿಗೆ ಇಷ್ಟಾಗುತ್ತದೆ ಎಂದು ಒಂದು ಮೊತ್ತ ಹೇಳಿದರು. ಆ ಮೊತ್ತ ಕೇಳಿ ಗಾಬರಿಯಾದದ್ದರಿಂದಲೇ ನಾನು ಏಣಿ ಹಾಕಿ ಮೇಲೆ ಹತ್ತಿ ನೋಡಿದೆ. ಬಾಗಿಲಿನ ನೆತ್ತಿಯ ಮೇಲೆ ಅಡ್ಡಲಾಗಿ ಇರುವ ಕಬ್ಬಿಣದ ಶಾಫ್ಟಿನಲ್ಲಿ ಎರಡು ಸ್ಪ್ರಿಂಗ್‌ಗಳಿದ್ದವು. ಎಡಗಡೆಯದರಲ್ಲಿ ಸುತ್ತುಗಳ ನಡುವೆ ಸುಮಾರು ಎರಡು ಇಂಚಿನ ತೆರಪು ಬಿದ್ದಿತ್ತು. ಬೆಳಗಿನ ಸದ್ದು ಸ್ಪ್ರಿಂಗ್ ತುಂಡಾದದ್ದು.

ಮಡಚಿಕೊಂಡು ಮೇಲೇರುವ ಇಂತಹ ಬಾಗಿಲನ್ನು ಎತ್ತುವುದು ಮೋಟಾರ್ ಎಂದೇ ನಮ್ಮಲ್ಲಿ ಹಲವರು ನಂಬಿರುತ್ತೇವೆ. ವಾಸ್ತವದಲ್ಲಿ ಬಾಗಿಲಿನ ಭಾರವನ್ನೆಲ್ಲ ಹೊರುವುದು ತಿರುಚಿ ಬಿಗಿದ ಸ್ಪ್ರಿಂಗ್. ಅದು ಶಾಫ್ಟನ್ನು ತಿರುಗಿಸುತ್ತದೆ, ಶಾಫ್ಟಿನ ಎರಡು ತುದಿಗಳಲ್ಲಿರುವ ಡ್ರಮ್‌ಗಳು ಕೇಬಲ್ಲನ್ನು ಸುತ್ತಿಕೊಳ್ಳುತ್ತವೆ, ಕೇಬಲ್ ಬಾಗಿಲಿನ ಕೆಳತುದಿಯನ್ನು ಹಿಡಿದೆತ್ತುತ್ತದೆ. ಮೋಟಾರ್ ಈಗಾಗಲೇ ಹಗುರಾದ ಬಾಗಿಲನ್ನು ದೂಡುತ್ತದೆ, ಎಳೆಯುತ್ತದೆ, ಅಷ್ಟೆ. ಸ್ಪ್ರಿಂಗ್ ಸರಿಯಿದೆಯೇ ಎಂದು ನೋಡದೆ ಮೋಟಾರ್ ಬದಲಿಸಲು ಹೇಳುವ ಎಸ್ಟಿಮೇಟನ್ನು ಪಕ್ಕಕ್ಕಿಡಬೇಕು ಎಂಬುದು ನಾನು ಕಲಿತ ಮೊದಲ ಪಾಠ.

ಮತ್ತೆ ಯಾರಿಗಾದರೂ ಫೋನ್ ಮಾಡುವ ಮೊದಲು ನನ್ನ ಬಾಗಿಲಿನ ವಿವರವನ್ನು ನಾನೇ ಒಂದು ಹಾಳೆಯಲ್ಲಿ ಬರೆದುಕೊಂಡೆ. ಅಗಲ 16 ಅಡಿ, ಎತ್ತರ 7 ಅಡಿ, ಅಡ್ಡ ಪ್ಯಾನೆಲ್‌ಗಳು ನಾಲ್ಕು, ಒಂದೊಂದು ಬದಿಗೆ ಐದರಂತೆ ರೋಲರ್ (ಬದಿಯ ಹಳಿಯಲ್ಲಿ, ಅಂದರೆ ಟ್ರ್ಯಾಕಿನಲ್ಲಿ, ಉರುಳುವ ಪುಟ್ಟ ಗಾಲಿ) ಹತ್ತು, ಬಾಗಿಲಿನ ಚೌಕಟ್ಟಿನಿಂದ ಸೂರಿನವರೆಗೆ 14 ಇಂಚು. ಬಾಗಿಲು ಪೂರ್ತಿ ಕೆಳಗಿದ್ದು ಮೋಟಾರಿನ ಪ್ಲಗ್ ತೆಗೆದಿದ್ದಾಗ, ತುಂಡಾಗಿ ಸಡಿಲಗೊಂಡಿದ್ದ ಸ್ಪ್ರಿಂಗಿನ ಮೇಲೆ ಅಳತೆ ಟೇಪು ಹಿಡಿದು 20 ಸುತ್ತುಗಳ ಉದ್ದ ನೋಡಿದೆ. ಸರಿಯಾಗಿ 5 ಇಂಚು ಬಂತು. ಅದನ್ನು 20ರಿಂದ ಭಾಗಿಸಿದರೆ ತಂತಿಯ ದಪ್ಪ ಕಾಲು ಇಂಚು. ಇನ್ನೂ ಬಿಗಿಯಾಗಿಯೇ ಇದ್ದ ಬಲಗಡೆಯ ಸ್ಪ್ರಿಂಗಿನ ಹತ್ತಿರವೂ ನಾನು ಹೋಗಲಿಲ್ಲ. ಅದರ ತುದಿಯ ಸ್ಕ್ರೂಗಳನ್ನಾಗಲಿ, ಬಾಗಿಲಿನ ಕೆಳಮೂಲೆಯಲ್ಲಿ ಕೇಬಲ್ ಸಿಕ್ಕಿಸಿರುವ ಬ್ರಾಕೆಟ್ಟನ್ನಾಗಲಿ ಸಡಿಲಿಸಿದರೆ ಕೈ ಮುರಿಯುವಷ್ಟು ಬಲ ಒಮ್ಮೆಲೇ ಬಿಡುಗಡೆಯಾಗುತ್ತದೆ.

ಹೀಗೆ ಸಿದ್ಧನಾದ ಮೇಲೆ ಮೂವರನ್ನು ಕರೆಸಿ ಲಿಖಿತ ಎಸ್ಟಿಮೇಟ್ ಕೇಳಿದೆ. ಮೊದಲನೆಯದು ಒಂದೇ ಸಾಲಿನದು: ‘ಸ್ಪ್ರಿಂಗ್ ಸಹಿತ ಬಾಗಿಲು ದುರಸ್ತಿ’, ಅದರ ಮುಂದೆ ಒಂದು ಮೊತ್ತ, ಮೂರರಲ್ಲಿ ಅತಿ ಕಡಿಮೆ. ಎರಡನೆಯವರು ದುರಸ್ತಿಯ ಮಾತೇ ಎತ್ತದೆ, ಕೆಳಗಿನ ಪ್ಯಾನೆಲ್ ತಗ್ಗಾಗಿದೆಯೆಂಬ ಕಾರಣ ಕೊಟ್ಟು ಇಡೀ ಬಾಗಿಲನ್ನು ಹೊಸದಾಗಿ ಹಾಕಿಸಬೇಕೆಂದು ಬರೆದಿದ್ದರು. ಮೂರನೆಯವರು ಒಂದು ಗಂಟೆ ಕಾಲ ನೋಡಿ, ಎರಡು ಪುಟ ಬರೆದುಕೊಟ್ಟರು. ಅದರಲ್ಲಿ ಸ್ಪ್ರಿಂಗಿನ ತಂತಿಯ ದಪ್ಪ, ಒಳವ್ಯಾಸ, ಉದ್ದ ಮೂರೂ ಇದ್ದವು, ದಪ್ಪ ನನ್ನ ಹಾಳೆಯಲ್ಲಿದ್ದುದಕ್ಕೆ ಹೊಂದುತ್ತಿತ್ತು. ಅಳತೆ ಪಡೆದೇ ಬರೆದ ಎಸ್ಟಿಮೇಟ್ ಯಾವುದು, ಅಂದಾಜಿನ ಮೇಲೆ ಬರೆದದ್ದು ಯಾವುದು ಎಂಬುದು ಆ ಒಂದು ಸಾಲಿನಿಂದಲೇ ತಿಳಿಯಿತು.

ಮೂರೂ ಮೊತ್ತಗಳನ್ನು ಪಕ್ಕಪಕ್ಕ ಇಟ್ಟು ನೋಡುವುದರಿಂದ ಏನೂ ಹೊಳೆಯಲಿಲ್ಲ. ಹಾಗಾಗಿ ಒಂದು ಕೋಷ್ಟಕ ಹಾಕಿ, ಎಡಗಡೆಗೆ ಸ್ಪ್ರಿಂಗ್ ಎಷ್ಟು, ಕೇಬಲ್, ಬೇರಿಂಗ್, ರೋಲರ್, ಕೂಲಿ, ಬಂದು ನೋಡುವ ಶುಲ್ಕ, ತೆರಿಗೆ, ಹಳೆಯ ಸಾಮಾನು ಸಾಗಿಸುವುದು, ವಾರಂಟಿ ಎಂದು ಬರೆದು, ಪ್ರತಿ ಎಸ್ಟಿಮೇಟಿನ ಕೆಳಗೆ ‘ಇದೆ’, ‘ಇಲ್ಲ’, ‘ಹೇಳಿಲ್ಲ’ ಎಂದು ತುಂಬುತ್ತಾ ಹೋದೆ. ಒಂದೇ ಸಾಲಿನ ಎಸ್ಟಿಮೇಟಿನ ಅಡಿಯಲ್ಲಿ ಬಹುಪಾಲು ‘ಹೇಳಿಲ್ಲ’ ಎಂಬುದೇ ತುಂಬಿಕೊಂಡಿತು. ಆ ‘ಹೇಳಿಲ್ಲ’ಗಳನ್ನೆಲ್ಲ ಫೋನಿನಲ್ಲಿ ಕೇಳಿದೆ. ಹಾಕುವುದು ಒಂದೇ ಸ್ಪ್ರಿಂಗ್, ಕೇಬಲ್ ಹಳೆಯದೇ, ಬಂದು ನೋಡುವ ಶುಲ್ಕವೂ ತೆರಿಗೆಯೂ ಬೇರೆ ಎಂದು ಉತ್ತರ ಬಂತು. ಇವನ್ನೆಲ್ಲ ಸೇರಿಸಿದ ಮೇಲೆ ಅದು ಮೂರನೆಯದಕ್ಕಿಂತ ಸ್ವಲ್ಪವೇ ಕಡಿಮೆಯಾಗಿ ಉಳಿಯಿತು. ಇದರಲ್ಲಿ ಮೋಸವಿದೆಯೆಂದು ನಾನು ಹೇಳುವುದಿಲ್ಲ. ಕೇಳಿದ್ದಕ್ಕೆಲ್ಲ ಅವರು ನೇರವಾಗಿಯೇ ಉತ್ತರಿಸಿದರು. ಕೇಳದೆ ಹೋಗಿದ್ದರೆ ಮಾತ್ರ ಬಿಲ್ಲು ನೋಡಿ ಜಗಳವಾಗುತ್ತಿತ್ತು.

ಒಂದು ಸ್ಪ್ರಿಂಗ್ ಸಾಕೇ, ಎರಡೂ ಬೇಕೇ ಎಂಬ ಪ್ರಶ್ನೆಗೆ ಉತ್ತರ ಸ್ಪ್ರಿಂಗಿನ ಆಯುಸ್ಸಿನಲ್ಲಿದೆ. ಅದನ್ನು ವರ್ಷಗಳಲ್ಲಿ ಎಣಿಸುವುದಿಲ್ಲ, ಸೈಕಲ್‌ಗಳಲ್ಲಿ ಎಣಿಸುತ್ತಾರೆ. ಬಾಗಿಲು ಒಮ್ಮೆ ತೆರೆದು ಮುಚ್ಚಿದರೆ ಒಂದು ಸೈಕಲ್. ಸಾಮಾನ್ಯ ಸ್ಪ್ರಿಂಗನ್ನು ಸುಮಾರು 10,000 ಸೈಕಲ್‌ಗೆಂದು ತಯಾರಿಸಿರುತ್ತಾರೆ. ನಮ್ಮ ಮನೆಯಲ್ಲಿ ದಿನಕ್ಕೆ ಐದಾರು ಬಾರಿ ಬಾಗಿಲು ತೆರೆಯುವುದರಿಂದ ವರ್ಷಕ್ಕೆ ಹತ್ತಿರಹತ್ತಿರ 2,000 ಆಗುತ್ತದೆ, ಸ್ಪ್ರಿಂಗ್ ತುಂಡಾಗುವಾಗ ಬಾಗಿಲಿಗೆ ಐದು ವರ್ಷ. ಲೆಕ್ಕ ಎಷ್ಟು ಚೆನ್ನಾಗಿ ಕೂಡಿಬಂತೆಂದರೆ ನನಗೇ ಅಚ್ಚರಿಯಾಯಿತು. ಒಂದೇ ದಿನ ಹಾಕಿದ ಇನ್ನೊಂದು ಸ್ಪ್ರಿಂಗ್ ಕೂಡ ಅಷ್ಟೇ ಸಲ ತಿರುಚಿಕೊಂಡಿದೆ, ಅದರ ಸರದಿ ದೂರವಿಲ್ಲ. ಮೂರನೆಯವರು ಎರಡನ್ನೂ ಬದಲಿಸಿ, ಸ್ವಲ್ಪ ಉದ್ದನೆಯ, ಇನ್ನಷ್ಟು ದಪ್ಪ ತಂತಿಯ, 20,000 ಸೈಕಲ್‌ನ ಜೋಡಿಯನ್ನು ಹಾಕುವ ಆಯ್ಕೆಯನ್ನೂ ಕೊಟ್ಟಿದ್ದರು. ಸ್ಪ್ರಿಂಗಿನ ಬೆಲೆ ಹೆಚ್ಚಿದರೂ ಕೂಲಿ ಅಷ್ಟೇ ಇದ್ದುದರಿಂದ ಒಟ್ಟು ಮೊತ್ತ ಏರಿದ್ದು ಅಲ್ಪ, ಬಾಳಿಕೆ ಮಾತ್ರ ಎರಡು ಪಟ್ಟು. ನಾನು ಅದನ್ನೇ ಒಪ್ಪಿಕೊಂಡೆ.

ಹೊಸ ಬಾಗಿಲಿನ ಎಸ್ಟಿಮೇಟನ್ನು ಓದುವುದೇ ಬೇರೆ ಕೆಲಸ. ಅದರಲ್ಲಿ ಉಕ್ಕಿನ ಹಾಳೆ 28 ಗೇಜ್ ಎಂದಿತ್ತು, ದೊಡ್ಡ ಸಂಖ್ಯೆ ಕಂಡು ಗಟ್ಟಿಯೆಂದುಕೊಂಡಿದ್ದೆ. ಗೇಜಿನ ಸಂಖ್ಯೆ ಹೆಚ್ಚಾದಷ್ಟೂ ಹಾಳೆ ತೆಳು. 24 ಗೇಜಿನ ಹಾಳೆ ಇದಕ್ಕಿಂತ ದಪ್ಪ. ಶಾಖ ತಡೆಯುವ ಪದರವಿದೆಯೆಂದು ಬರೆದಿದ್ದರೂ ಅದು ಪಾಲಿಸ್ಟೈರೀನ್ ಹಲಗೆಯೋ, ಒಳಗೆ ತುಂಬಿದ ಪಾಲಿಯುರೆಥೇನ್ ನೊರೆಯೋ ಎಂಬುದನ್ನು ಹೇಳಿರಲಿಲ್ಲ. ಅಷ್ಟೇ ದಪ್ಪಕ್ಕೆ ಎರಡನೆಯದು ಶಾಖವನ್ನು ಹೆಚ್ಚು ತಡೆಯುತ್ತದೆ. ಮುಖ್ಯವಾದ ಕೊರತೆ ಬೇರೆಯೇ ಇತ್ತು. ಹಳೆಯ ಟ್ರ್ಯಾಕ್‌ಗಳನ್ನೂ ಸ್ಪ್ರಿಂಗ್‌ಗಳನ್ನೂ ಉಳಿಸಿಕೊಳ್ಳುತ್ತಾರೆಯೋ, ಹೊಸತನ್ನು ಹಾಕುತ್ತಾರೆಯೋ ಎಂಬುದು ಸ್ಪಷ್ಟವಿರಲಿಲ್ಲ. ಹೊಸ ಬಾಗಿಲಿನ ತೂಕ ಬದಲಾದರೆ ಸ್ಪ್ರಿಂಗ್ ಬದಲಾಗಲೇಬೇಕು, ಇಲ್ಲವಾದರೆ ಭಾರವೆಲ್ಲ ಮೋಟಾರಿನ ಮೇಲೆ ಬೀಳುತ್ತದೆ. ಸೂರಿಗೂ ಚೌಕಟ್ಟಿಗೂ ನಡುವೆ ಸಾಮಾನ್ಯ ಜೋಡಣೆಗೆ ಸುಮಾರು ಒಂದು ಅಡಿ ಜಾಗ ಬೇಕು; ಅಷ್ಟಿಲ್ಲದ ಮನೆಗಳಿಗೆ ಬೇರೆ ಬಗೆಯ ಟ್ರ್ಯಾಕಿನ ಖರ್ಚು ಕೊನೆಯ ದಿನ ತಲೆ ಎತ್ತಬಹುದು. ನನ್ನ ಬಾಗಿಲಿನ ಕೆಳಪ್ಯಾನೆಲ್ ತಗ್ಗಾಗಿದ್ದರೂ ಬಿರುಕು ಬಿಟ್ಟಿರಲಿಲ್ಲ, ತುಕ್ಕು ಹಿಡಿದಿರಲಿಲ್ಲ, ಹಿಂಜ್‌ಗಳು ಗಟ್ಟಿಯಾಗಿದ್ದವು. ತಗ್ಗು ಕಣ್ಣಿಗೆ ಚೆನ್ನಾಗಿ ಕಾಣದಿದ್ದರೂ ಬಾಗಿಲಿನ ಕೆಲಸಕ್ಕೆ ಅದರಿಂದ ಅಡ್ಡಿಯಿರಲಿಲ್ಲ, ಆದ್ದರಿಂದ ಹೊಸ ಬಾಗಿಲಿನ ವಿಚಾರ ಕೈಬಿಟ್ಟೆ.

ವಾರಂಟಿಯ ಸಾಲನ್ನು ಎರಡು ಸಲ ಓದಿದೆ. ಒಂದೇ ಸಾಲಿನ ಎಸ್ಟಿಮೇಟ್ ಕೊಟ್ಟವರು ಫೋನಿನಲ್ಲಿ ‘ಲೈಫ್‌ಟೈಮ್ ವಾರಂಟಿ’ ಎಂದಿದ್ದರು. ಅದು ಸ್ಪ್ರಿಂಗಿಗೆ ಮಾತ್ರ, ಪ್ರತಿ ಸಲ ಬಂದು ಹಾಕಿಕೊಡುವ ಕೂಲಿ ನಮ್ಮದೇ. ಸ್ಪ್ರಿಂಗಿನ ಕೆಲಸದಲ್ಲಿ ಕೂಲಿಯ ಪಾಲೇ ದೊಡ್ಡದಾಗಿರುವಾಗ ಅಂತಹ ವಾರಂಟಿಯಿಂದ ಉಳಿಯುವುದು ಬಹಳವಿಲ್ಲ. ಮೂರನೆಯವರು ಕೂಲಿಯನ್ನೂ ಸೇರಿಸಿ ಒಂದು ವರ್ಷ ಎಂದು ಬರೆದುಕೊಟ್ಟಿದ್ದರು.

ಆ ಎರಡು ಪುಟದಲ್ಲಿಯೂ ನಾನು ಎರಡು ಸಾಲು ಹೊಡೆಸಿದೆ. ಹತ್ತು ರೋಲರ್‌ಗಳನ್ನು ಬದಲಿಸುವುದು ಒಂದು. ಕೈಯಿಂದ ತಿರುಗಿಸಿ ನೋಡಿದಾಗ ಎಲ್ಲವೂ ಅಲುಗಾಡದೆ ನುಣ್ಣಗೆ ತಿರುಗುತ್ತಿದ್ದವು, ಮೆಕ್ಯಾನಿಕ್ ಕೂಡ ಸರಿ ಎಂದರು. ಇನ್ನೊಂದು, ಎರಡು ಸ್ಪ್ರಿಂಗ್‌ಗಳ ನಡುವೆ ಶಾಫ್ಟನ್ನು ಹಿಡಿದಿರುವ ಬೇರಿಂಗ್. ಅದರ ಬೆಲೆ ತೀರಾ ಕಡಿಮೆ, ಆದರೂ ಉಳಿತಾಯದ ಉತ್ಸಾಹದಲ್ಲಿ ಅದನ್ನೂ ಬೇಡವೆಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, “ಹಾಕಿಸಿಕೊಳ್ಳಿ ಸಾರ್, ಈಗ ಹೇಗೂ ಬಿಚ್ಚಿರುತ್ತೇವೆ” ಎಂದರು. ನಾನು ಕೇಳಲಿಲ್ಲ.

ಕೆಲಸದ ದಿನ ಉಳಿದ ಸ್ಪ್ರಿಂಗನ್ನು ಸಡಿಲಿಸಿದ ಮೇಲೆ ಅವರು ಬಾಗಿಲಿನ ಕೆಳಗೆ ತೂಕದ ಯಂತ್ರವಿಟ್ಟು ಭಾರ ನೋಡಿದರು, ನಂತರ ಕಬ್ಬಿಣದ ಎರಡು ಸರಳುಗಳನ್ನು ಒಂದಾದ ಮೇಲೊಂದರಂತೆ ಸಿಕ್ಕಿಸುತ್ತಾ ಹೊಸ ಸ್ಪ್ರಿಂಗನ್ನು ಸುಮಾರು ಏಳೂವರೆ ಸುತ್ತು ತಿರುಚಿದರು. ಅದನ್ನು ಎದುರಿಗೆ ನಿಂತು ನೋಡಿದ ಮೇಲೆ ಕೂಲಿಯ ಸಾಲಿನ ಬಗ್ಗೆ ನನಗೆ ತಕರಾರು ಉಳಿಯಲಿಲ್ಲ. ಮೋಟಾರಿನ ಕೊಂಡಿ ಬಿಡಿಸಿ ಬಾಗಿಲನ್ನು ಅರ್ಧಕ್ಕೆ ಎತ್ತಿ ಕೈಬಿಟ್ಟಾಗ ಅದು ಅಲ್ಲೇ ನಿಂತಿತು. ಒಂದೂವರೆ ಇಂಚು ದಪ್ಪದ ಮರದ ತುಂಡನ್ನು ನೆಲದ ಮೇಲೆ ಇಟ್ಟು ಮೋಟಾರಿನಿಂದ ಇಳಿಸಿದಾಗ ಅದಕ್ಕೆ ತಾಗಿದೊಡನೆ ಹಿಂದಿರುಗಿ ಮೇಲೆ ಹೋಯಿತು. ಈ ಎರಡು ಪರೀಕ್ಷೆಗಳೂ ಎಸ್ಟಿಮೇಟಿನಲ್ಲಿ ಬರೆದಿದ್ದವೇ.

ಎರಡು ತಿಂಗಳಿಗೆ ಬಾಗಿಲು ಏರುವಾಗ ಕಿರ್ರೆನ್ನತೊಡಗಿತು. ನಡುವಿನ ಬೇರಿಂಗ್ ಸವೆದಿತ್ತು. ಅದನ್ನು ಬದಲಿಸಬೇಕಾದರೆ ಎರಡೂ ಸ್ಪ್ರಿಂಗ್ ಸಡಿಲಿಸಿ, ಪಕ್ಕಕ್ಕೆ ಸರಿಸಿ, ಮತ್ತೆ ತಿರುಚಲೇಬೇಕು. ಬೇಡವೆಂದು ನಾನೇ ಹೊಡೆಸಿದ್ದ ಭಾಗವಾದ್ದರಿಂದ ವಾರಂಟಿಯೂ ಅನ್ವಯಿಸಲಿಲ್ಲ. ಹೊಸ ಬಿಲ್ಲಿನಲ್ಲಿ ಬೇರಿಂಗಿನ ಬೆಲೆ ಹಿಂದಿನಷ್ಟೇ ಅಲ್ಪ. ಅದರ ಕೆಳಗೆ ‘ಸ್ಪ್ರಿಂಗ್ ಸಡಿಲಿಸಿ ಬಿಗಿದ ಕೂಲಿ’ ಎಂಬ ಸಾಲು, ಎರಡು ತಿಂಗಳ ಹಿಂದೆ ಕೊಟ್ಟಷ್ಟೇ ಮೊತ್ತದೊಂದಿಗೆ, ಮತ್ತೊಮ್ಮೆ ಇತ್ತು.