ಅಂಬಾಸಿಡರ್ ಇಂಜಿನ್ ಇಳಿಸುವ ಮೊದಲು

ಸೈಲೆನ್ಸರಿನಲ್ಲಿ ಒಂದಿಷ್ಟು ಹೊಗೆ ಕಂಡರೆ ಸಾಕು, "ಸಾರ್, ಇಂಜಿನ್ ಇಳಿಸ್ಬೇಕು" ಅಂದುಬಿಡುವ ಮೆಕ್ಯಾನಿಕ್‌ಗಳೇ ಈಗ ಜಾಸ್ತಿ. ಇಳಿಸೋಣ, ಅಂದರೆ ಗಾಡಿಯಿಂದ ಹೊರತೆಗೆದು ಬಿಚ್ಚೋಣ, ಬೇಡ ಅನ್ನುವುದಿಲ್ಲ. ಆದರೆ ಯಾಕೆ ಇಳಿಸುತ್ತಿದ್ದೇವೆ ಅನ್ನುವುದು ಮೊದಲೇ ಗೊತ್ತಿರಬೇಕು. ಸದ್ದು, ಆಯಿಲ್ ಪ್ರೆಷರ್, ಹೊಗೆ ಬರುವ ಹೊತ್ತು, ಇವೆಲ್ಲ ಓಡುತ್ತಿರುವ ಇಂಜಿನ್ ಮಾತ್ರ ಕೊಡುವ ಸುಳಿವುಗಳು. ಬಿಚ್ಚಿ ಬೆಂಚಿನ ಮೇಲೆ ಹರಡಿದ ಮೇಲೆ ಅವು ಸಿಗುವುದಿಲ್ಲ. ಆಮೇಲೆ ಏನಾಗುತ್ತದೆ? ಯಾವುದು ಹೋಗಿದೆ ಅಂತ ಗೊತ್ತಿಲ್ಲದೆ ಎಲ್ಲವನ್ನೂ ಬದಲಾಯಿಸುತ್ತಾರೆ, ಬಿಲ್ಲು ನಿಮ್ಮ ಕೈಗೆ ಬರುತ್ತದೆ.

ನಾನು ಶಿವಮೊಗ್ಗದವನು, ನನ್ನ ಗಾಡಿ 1974ರ ಅಂಬಾಸಿಡರ್ ಮಾರ್ಕ್ 2. ಇಲ್ಲಿ ಹೇಳುವುದೆಲ್ಲ ಅದರಲ್ಲಿರುವ ಬಿಎಂಸಿ ಬಿ-ಸೀರೀಸ್ ಪೆಟ್ರೋಲ್ ಇಂಜಿನ್ನಿಗೆ: 1489 ಸಿಸಿ, ಬೋರ್ (ಸಿಲಿಂಡರಿನ ಅಗಲ) 73 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 89 ಮಿ.ಮೀ., ಕ್ರ್ಯಾಂಕನ್ನು ಬ್ಲಾಕಿನಲ್ಲಿ ಹಿಡಿದಿಡಲು ಮೂರೇ ಮೇನ್ ಬೇರಿಂಗ್, ಸಿಲಿಂಡರುಗಳು ಉರಿಯುವ ಸರದಿ (ಫೈರಿಂಗ್ ಆರ್ಡರ್) 1-3-4-2. ಬ್ಲಾಕೂ ಬೀಡು ಕಬ್ಬಿಣ, ಹೆಡ್ಡೂ ಬೀಡು ಕಬ್ಬಿಣ. ಡೀಸೆಲ್ ಗಾಡಿಗೂ ಆಮೇಲೆ ಬಂದ ಇಸುಜು ಇಂಜಿನ್ನಿಗೂ ಈ ಅಂಕಿಗಳು ಹೊಂದುವುದಿಲ್ಲ.

ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಶುರು ಮಾಡಿ. ಸ್ಟಾರ್ಟ್ ಮಾಡುವ ಮೊದಲೇ ಡಿಪ್ ಸ್ಟಿಕ್ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಹೊಡೆದರೆ ಆಯಿಲ್ ತೆಳುವಾಗಿದೆ ಅಂತ ಅರ್ಥ, ಹೊಸ ಆಯಿಲ್ ಹಾಕದೆ ಪ್ರೆಷರ್ ನೋಡುವುದು ದಂಡ. ಆಯಿಲ್ ತುಂಬುವ ಮುಚ್ಚಳದ ಒಳಗೆ ಹಾಲು ಜಾಸ್ತಿಯಾದ ಕಾಫಿಯಂಥ ಜಿಡ್ಡು ಕಂಡರೆ ಗಾಬರಿ ಬೇಡ. ಮಾರ್ಕೆಟ್ಟಿಗೆ ಹೋಗಿ ಬರುವುದಕ್ಕಷ್ಟೇ ತೆಗೆಯುವ ಗಾಡಿಯಲ್ಲಿ ಮಳೆಗಾಲದ ತೇವಕ್ಕೇ ಅದು ಕಟ್ಟುತ್ತದೆ. ಅದೇ ಬಣ್ಣ ಡಿಪ್ ಸ್ಟಿಕ್ಕಿನಲ್ಲೂ ಇದ್ದು, ರೇಡಿಯೇಟರಿನ ನೀರೂ ಕಮ್ಮಿಯಾಗುತ್ತಿದ್ದರೆ ಮಾತ್ರ ನೀರು ಒಳಗೆ ಇಳಿಯುತ್ತಿದೆ. ಹಾಗಿದ್ದಲ್ಲಿ ಸ್ಟಾರ್ಟ್ ಮಾಡಲೇಬೇಡಿ.

ಮುಂದಿನಿಂದ ಹಾಕಿ ಇಂಜಿನ್ ತಿರುಗಿಸುವ ಹ್ಯಾಂಡಲ್ ಇದ್ದರೆ ಅದೇ ಮೊದಲ ಮೀಟರ್. ಇಗ್ನಿಷನ್ ಆಫ್, ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಎಳೆದಿರಲಿ. ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟುಕೊಂಡು ನಿಧಾನವಾಗಿ ಮೇಲಕ್ಕೆ ಎಳೆಯಿರಿ. ಎರಡು ಸುತ್ತಿಗೆ ನಾಲ್ಕು ಸಲ ಕೈಗೆ ತಡೆ ಸಿಗಬೇಕು, ನಾಲ್ಕೂ ಒಂದೇ ಸಮ ಇರಬೇಕು. ಒಂದು ಕಡೆ ಸುಮ್ಮನೆ ಜಾರಿಹೋದರೆ ಒಂದು ಸಿಲಿಂಡರ್ ಸತ್ತಿದೆ. ನಾಲ್ಕೂ ಮೆತ್ತಗಿದ್ದರೆ ಇಂಜಿನ್ ಒಟ್ಟಾರೆ ಸವೆದಿದೆ, ಇಲ್ಲವೇ ಗಾಡಿ ತುಂಬ ಕಾಲ ನಿಂತು ಪಿಸ್ಟನ್ ರಿಂಗ್ ಅಂಟಿಕೊಂಡಿದೆ. ವರ್ಷಗಟ್ಟಲೆ ನಿಂತ ಗಾಡಿಯಾದರೆ ಪ್ಲಗ್ ತೂತಿನಲ್ಲಿ ಸ್ವಲ್ಪ ಸ್ವಲ್ಪ ಆಯಿಲ್ ಬಿಟ್ಟು ಒಂದು ರಾತ್ರಿ ಬಿಡಿ, ಆಮೇಲೆ ತಿರುಗಿಸಿ. ಅಂಥ ಇಂಜಿನ್ನಿಗೆ ಒಂದಿಷ್ಟು ದೂರ ಓಡಿಸುವವರೆಗೂ ತೀರ್ಪು ಕೊಡಬಾರದು. ಅಂಟಿದ ರಿಂಗ್ ಎಷ್ಟೋ ಸಲ ತಾನೇ ಬಿಟ್ಟುಕೊಳ್ಳುತ್ತದೆ.

ಈಗ ಸದ್ದು. ಸುದ್ದಿ ಇರುವುದು ಇಲ್ಲೇ, ಮೋಸ ಹೋಗುವುದೂ ಇಲ್ಲೇ.

ಮೊದಲು ಫ್ಯಾನ್ ಬೆಲ್ಟ್ ತೆಗೆದು ಅರ್ಧ ನಿಮಿಷ ಓಡಿಸಿ. ಸದ್ದು ನಿಂತರೆ ಡೈನಮೋ ಅಥವಾ ವಾಟರ್ ಪಂಪ್ ಬೇರಿಂಗ್, ಇಂಜಿನ್ನಿಗೆ ಸಂಬಂಧವಿಲ್ಲ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರಿದರೂ ಟಕ್ ಟಕ್ ಅಂತ ಥೇಟ್ ಟ್ಯಾಪೆಟ್ (ವಾಲ್ವ್ ಎತ್ತುವ ಭಾಗ) ಥರ ಕೇಳುತ್ತದೆ. ಇವೆರಡನ್ನೂ ಬಿಟ್ಟ ಮೇಲೆ ಉಳಿದ ಸದ್ದಿಗೆ ಉದ್ದನೆಯ ಸ್ಕ್ರೂ ಡ್ರೈವರ್ ತಗೊಳ್ಳಿ, ತುದಿ ಬ್ಲಾಕಿಗೆ, ಹಿಡಿ ಕಿವಿಗೆ. ತೋಳು ಮಡಚಿಕೊಳ್ಳಿ, ಪಂಚೆ ಉಟ್ಟು ಫ್ಯಾನಿನ ಹತ್ತಿರ ಹೋಗಬೇಡಿ.

ಮೇಲಿನಿಂದ, ಇಂಜಿನ್ ವೇಗದ ಅರ್ಧ ಲಯದಲ್ಲಿ ಬರುವ ಹಗುರ ಸದ್ದು ರಾಕರ್, ಟ್ಯಾಪೆಟ್ಟಿನದು. ತಣ್ಣಗಿದ್ದಾಗ ಲಟಲಟ ಅಂದು ಬಿಸಿಯಾದ ಮೇಲೆ ನಿಲ್ಲುವುದು ಪಿಸ್ಟನ್ ಬೋರಿಗೆ ಬಡಿಯುವುದು. ಅದರ ಜೊತೆ ವರ್ಷಗಟ್ಟಲೆ ಸಂಸಾರ ಮಾಡಬಹುದು. ಬಿಸಿಯಾದಷ್ಟೂ ಜೋರಾಗುವ, ರೇಸ್ ಕೊಟ್ಟು ಬಿಡುವ ಕ್ಷಣದಲ್ಲಿ ಟಣಟಣ ಅನ್ನುವ ಸದ್ದು ಬಿಗ್ ಎಂಡ್ ಬೇರಿಂಗಿನದು, ಅಂದರೆ ಪಿಸ್ಟನ್ನಿನ ರಾಡ್ ಕ್ರ್ಯಾಂಕಿಗೆ ಸೇರುವಲ್ಲಿನದು. ಇದರ ಜೊತೆ ಒಂದು ಕಿಲೋಮೀಟರ್ ಕೂಡ ಬೇಡ. ಅದಕ್ಕಿಂತ ದಪ್ಪಗೆ, ಕಾಲಡಿಯಿಂದ ಧಮ್ ಧಮ್ ಅಂತ, ಏರು ಹತ್ತುವಾಗ ಬಂದರೆ ಮೇನ್ ಬೇರಿಂಗ್.

ಯಾವ ಸಿಲಿಂಡರ್ ಅಂತ ಹಿಡಿಯಲು ಇಂಜಿನ್ ಆಫ್ ಮಾಡಿ ಒಂದು ಪ್ಲಗ್ ವಯರ್ ತೆಗೆದು ಅದರ ತುದಿಯನ್ನು ಬ್ಲಾಕಿಗೆ ಅರ್ತ್ ಆಗುವ ಹಾಗೆ ಕಟ್ಟಿ. ಸ್ಟಾರ್ಟ್ ಮಾಡಿ ಕೇಳಿ. ಆಫ್ ಮಾಡಿ, ಮುಂದಿನ ವಯರ್. ಯಾವುದನ್ನು ತೆಗೆದಾಗ ಸದ್ದು ತಗ್ಗುತ್ತದೋ ಆ ಬಿಗ್ ಎಂಡ್ ಹೋಗಿದೆ. ಒಂದೊಂದಾಗಿ ತೆಗೆದಾಗ ಏನೂ ಬದಲಾಗದೆ, ಅಕ್ಕಪಕ್ಕದ ಎರಡು ಒಟ್ಟಿಗೆ ತೆಗೆದಾಗ ತಗ್ಗಿದರೆ ನಡುವಿನ ಮೇನ್ ಮೇಲೆ ಅನುಮಾನ ಪಡಿ. ಓಡುವಾಗಲೇ ವಯರ್ ಕಿತ್ತು ಕಿಡಿ ಹಾರಿಸುವ ಶೋಕಿ ಕೆಲವರಿಗಿದೆ. ಪಕ್ಕದಲ್ಲೇ ಪೆಟ್ರೋಲ್ ಜಿನುಗುವ ಕಾರ್ಬುರೇಟರ್ ಇರುವಾಗ ಅದು ಬೇಕಾಗಿಲ್ಲ.

ಬಲ್ಬನ್ನೋ ಡ್ಯಾಶಿನ ಹಳೇ ಮುಳ್ಳನ್ನೋ ನಂಬಿ ಆಯಿಲ್ ಪ್ರೆಷರ್ ಬಗ್ಗೆ ಮಾತಾಡಬೇಡಿ. ನೇರವಾಗಿ ಟ್ಯೂಬ್ ಹಾಕಿ ಕೂರಿಸುವ ಗೇಜ್ ಎರವಲು ತನ್ನಿ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ 15 ಪಿಎಸ್ಐ, ಓಡುವಾಗ 40-50 ಇದ್ದರೆ ಕೆಳಗಿನ ಭಾಗ ಆರೋಗ್ಯವಾಗಿದೆ. ತಣ್ಣಗಿದ್ದಾಗ 50 ತೋರಿಸಿ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಐದಕ್ಕೆ ಬಿದ್ದು, ಜೊತೆಗೆ ಮೇಲೆ ಹೇಳಿದ ಸದ್ದೂ ಇದ್ದರೆ ಬೇರಿಂಗ್ ಕಥೆ ಮುಗಿಯಿತು, ಟೋ ಮಾಡಿಸಿ. ದಪ್ಪ ಆಯಿಲ್ ಹಾಕಿ ಮುಳ್ಳು ಎತ್ತಿಸಿ ಗಾಡಿ ಮಾರುವವರಿದ್ದಾರೆ, ಕೊಳ್ಳುವವರು ಬಿಸಿ ಇಂಜಿನ್ನಿನಲ್ಲೇ ನೋಡಬೇಕು.

ಹೊಗೆಯ ಬಣ್ಣಕ್ಕಿಂತ ಹೊತ್ತು ಮುಖ್ಯ. ನಮ್ಮ ಕಡೆ ಪರೀಕ್ಷೆಗೆ ಆಗುಂಬೆ ಘಾಟಿ ಇದೆ. ಗೇರಿನಲ್ಲೇ, ಆಕ್ಸಿಲರೇಟರ್ ಬಿಟ್ಟು ಸೋಮೇಶ್ವರದವರೆಗೆ ಇಳಿಯಿರಿ. ಕೆಳಗೆ ಬಂದು ಆಕ್ಸಿಲರೇಟರ್ ತುಳಿದ ಕೂಡಲೇ ನೀಲಿ ಹೊಗೆ ಬುಸ್ಸೆಂದು ಬಂದು ಆಮೇಲೆ ಕಮ್ಮಿಯಾದರೆ ವಾಲ್ವ್ ಗೈಡ್ (ವಾಲ್ವಿನ ಕಡ್ಡಿ ಓಡಾಡುವ ಕೊಳವೆ) ಸಡಿಲ. ಇಳಿಯುವಾಗ ಮ್ಯಾನಿಫೋಲ್ಡಿನ ನಿರ್ವಾತ ಗೈಡಿನ ಸಂದಿಯಿಂದ ಆಯಿಲ್ ಹೀರಿಕೊಂಡಿರುತ್ತದೆ. ಇದು ಹೆಡ್ ಕೆಲಸ, ಇಂಜಿನ್ ಇಳಿಸಬೇಕಾಗಿಲ್ಲ. ಹತ್ತುವಾಗ ಒಂದೇ ಸಮ ನೀಲಿ ಹೊಗೆ, ಆಯಿಲ್ ಮುಚ್ಚಳ ತೆಗೆದರೆ ಪುಸು ಪುಸು ಬ್ಯಾಕ್ ಕಂಪ್ರೆಷನ್ (ಸಿಲಿಂಡರಿನಿಂದ ಕೆಳಗೆ ನುಗ್ಗಿದ ಗಾಳಿ) ಬಂದರೆ ರಿಂಗ್, ಬೋರ್ ಸವೆದಿವೆ. ಕಪ್ಪು ಹೊಗೆಗೆ ಕಾರ್ಬುರೇಟರ್ ನೋಡಿ. ಮಡಿಕೇರಿಯ ಚಳಿಯಲ್ಲಿ ಬೆಳಿಗ್ಗೆ ಬರುವ ಬಿಳಿ ಹಬೆ ಹಬೆಯೇ.

ಇನ್ನು ಕಂಪ್ರೆಷನ್ ಗೇಜ್. ಇಂಜಿನ್ ಬಿಸಿ ಇರಲಿ, ಬ್ಯಾಟರಿ ಗಟ್ಟಿ ಇರಲಿ, ನಾಲ್ಕೂ ಪ್ಲಗ್ ಹೊರಗೆ, ಕಾಯಿಲಿನ ವಯರ್ ಬಿಚ್ಚಿ, ಒಂದೊಂದೇ ಪ್ಲಗ್ ತೂತಿಗೆ ಗೇಜ್ ಕೂರಿಸಿ, ಆಕ್ಸಿಲರೇಟರ್ ಪೂರ್ತಿ ತುಳಿದು ಸ್ಟಾರ್ಟರಿನಿಂದ ಐದಾರು ಸಲ ಹೊಡೆಸಿ. ನನ್ನ ಲೆಕ್ಕದಲ್ಲಿ 120 ಪಿಎಸ್ಐ ಆಸುಪಾಸು ಬಂದರೆ ಸಂತೋಷ, 100ರ ಕೆಳಗೆ ಅನುಮಾನ. ಆದರೆ ನಾಲ್ಕರ ನಡುವಿನ ವ್ಯತ್ಯಾಸ ಇನ್ನೂ ಮುಖ್ಯ. ನಾಲ್ಕೂ 105 ಇರುವ ಇಂಜಿನ್, ಮೂರು 130, ಒಂದು 80 ಇರುವುದಕ್ಕಿಂತ ಮೇಲು. ಕಮ್ಮಿ ಬಂದ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಅಕ್ಕಪಕ್ಕದ ಎರಡು, ಅದರಲ್ಲೂ 2 ಮತ್ತು 3 ಒಟ್ಟಿಗೆ ಬಿದ್ದಿದ್ದರೆ ನಡುವೆ ಹೆಡ್ ಗ್ಯಾಸ್ಕೆಟ್ ಹಾರಿದೆ. ಈ ಹೆಡ್ಡಿನಲ್ಲಿ 2 ಮತ್ತು 3ರ ಎಕ್ಸಾಸ್ಟಿಗೆ ಒಂದೇ ದಾರಿ. ಬಿಸಿಯೆಲ್ಲ ಅಲ್ಲೇ ಸೇರುವುದರಿಂದ ಆ ಸೀಟುಗಳ ಹತ್ತಿರ ಬಿರುಕೂ ಬಿಡಬಹುದು.

ಇನ್ನೂ ಖಚಿತ ಬೇಕಾದರೆ ಟೈರ್ ಪಂಕ್ಚರ್ ಅಂಗಡಿಗೆ ಹೋಗಿ. ಹಳೇ ಪ್ಲಗ್ಗಿನ ಒಳಗಿನ ಪಿಂಗಾಣಿ ಒಡೆದು ತೆಗೆದು, ಅದಕ್ಕೆ ಗಾಳಿಯ ನಿಪ್ಪಲ್ ಬೆಸುಗೆ ಹಾಕಿಸಿಟ್ಟುಕೊಳ್ಳಿ. ಅನುಮಾನವಿರುವ ಪಿಸ್ಟನ್ ಮೇಲಿರಬೇಕು, ಆ ಸಿಲಿಂಡರಿನ ಎರಡೂ ವಾಲ್ವ್ ಮುಚ್ಚಿರಬೇಕು. ಟಾಪ್ ಗೇರ್ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಹ್ಯಾಂಡಲ್ ತೆಗೆದಿಟ್ಟು ನಿಧಾನಕ್ಕೆ ಗಾಳಿ ಬಿಡಿ. ಕಾರ್ಬುರೇಟರಿನಲ್ಲಿ ಸುಯ್ಯೆಂದರೆ ಇನ್‌ಲೆಟ್ ವಾಲ್ವ್, ಸೈಲೆನ್ಸರಿನಲ್ಲಾದರೆ ಎಕ್ಸಾಸ್ಟ್, ಆಯಿಲ್ ಮುಚ್ಚಳದಲ್ಲಿ ಜೋರಾಗಿ ಬಂದರೆ ರಿಂಗ್, ಪಕ್ಕದ ಪ್ಲಗ್ ತೂತಿನಲ್ಲಿ ಬಂದರೆ ಗ್ಯಾಸ್ಕೆಟ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ ಅಥವಾ ಬಿರುಕು. ಈ ಒಂದು ಪರೀಕ್ಷೆ ಮಾಡಿಸಿಕೊಂಡವನ ಮುಂದೆ ಯಾವ ಮೆಕ್ಯಾನಿಕ್ಕೂ ಸುಮ್ಮನೆ ಮಾತಾಡುವುದಿಲ್ಲ.

ಟ್ಯಾಪೆಟ್ ಗ್ಯಾಪಿನ ಲೆಕ್ಕವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. 15 ಥೌ (ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ) ಇಟ್ಟದ್ದು ಸಾಮಾನ್ಯವಾಗಿ ಓಡುತ್ತ ಓಡುತ್ತ ಸಡಿಲವಾಗಬೇಕು. ಎಕ್ಸಾಸ್ಟಿನಲ್ಲಿ ಮಾತ್ರ ಮತ್ತೆ ಮತ್ತೆ ಬಿಗಿಯಾಗುತ್ತಿದ್ದರೆ ವಾಲ್ವ್ ತನ್ನ ಸೀಟಿನೊಳಗೇ ಹೂತುಹೋಗುತ್ತಿದೆ. 2000ನೇ ಇಸವಿಯಲ್ಲಿ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಬೀಡಿನಲ್ಲೇ ಕೊರೆದ ಈ ಹಳೇ ಸೀಟುಗಳಿಗೆ ಆ ಸೀಸವೇ ರಕ್ಷೆಯಾಗಿತ್ತು. ಹೆಡ್ ಬಿಚ್ಚಿದಾಗ ಎಕ್ಸಾಸ್ಟಿಗೆ ಗಟ್ಟಿ ಸೀಟ್ ರಿಂಗ್ ಕೂರಿಸಿದರೆ ಇದಕ್ಕೆ ಪರಿಹಾರ. ಬರೀ ಗ್ರೈಂಡ್ ಮಾಡಿ ಮುಚ್ಚಿದರೆ ಮತ್ತೆ ಅದೇ ಗೋಳು.

ಕೊನೆಗೆ ಆಯಿಲ್ ಇಳಿಸಿ, ಬಿಳಿ ಪಂಚೆಯ ತುಂಡಿನಲ್ಲಿ ಸೋಸಿ, ಬಿಸಿಲಿಗೆ ಹಿಡಿಯಿರಿ. ಆಯಸ್ಕಾಂತಕ್ಕೆ ಅಂಟುವ ಪುಡಿ ಕಬ್ಬಿಣದ್ದು: ರಿಂಗ್, ಕ್ಯಾಮ್, ಟ್ಯಾಪೆಟ್. ಅಂಟದೆ ಬೂದು ಬಣ್ಣದಲ್ಲಿ ಹೊಳೆಯುವ ಚಕ್ಕೆ ಬೇರಿಂಗಿನದು, ಜೊತೆಗೆ ತಾಮ್ರದ ಬಣ್ಣವೂ ಕಂಡರೆ ಶೆಲ್ಲಿನ (ಬೇರಿಂಗಿನ ಚಿಪ್ಪಿನ) ಮೇಲಿನ ಪದರ ಪೂರ್ತಿ ಹೋಗಿದೆ. ನುಣ್ಣನೆಯ ಕಪ್ಪು ಮಸಿ ಎಲ್ಲ ಇಂಜಿನ್ನಿನಲ್ಲೂ ಇರುತ್ತದೆ.

ಇಷ್ಟಾದ ಮೇಲೆ ಇಳಿಸಲೇಬೇಕು ಅನ್ನುವುದು ಖಚಿತವಾದರೆ ಇಳಿಸಿ. ಹೆಡ್ ಎತ್ತಿದ ಕೂಡಲೇ ಪಿಸ್ಟನ್ ತಲೆ ಒರೆಸಿ ನೋಡಿ, ಹಿಂದೆ ಬೋರ್ ಮಾಡಿಸಿದ್ದರೆ ಎಷ್ಟು ಥೌ ದೊಡ್ಡದು ಅನ್ನುವುದನ್ನು 020, 040 ಅಂತ ಗುದ್ದಿರುತ್ತದೆ. ಬೇರಿಂಗ್ ಶೆಲ್ಲಿನ ಬೆನ್ನಿಗೂ ಹಾಗೆಯೇ. ಲೇತಿನವರ ಹತ್ತಿರ ಬೋರನ್ನು ಮೇಲೆ, ನಡುವೆ, ಕೆಳಗೆ, ಎರಡು ದಿಕ್ಕಿನಲ್ಲಿ ನಿಮ್ಮ ಎದುರಿಗೇ ಅಳೆಸಿ. ಕ್ರ್ಯಾಂಕಿನಲ್ಲಿ ಬೇರಿಂಗ್ ಕೂರುವ ಜರ್ನಲ್‌ಗಳನ್ನೂ ಅಳೆಸಿ. ಈ ಅಂಕಿಗಳನ್ನು ಬರೆದುಕೊಳ್ಳದೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಪಿಸ್ಟನ್ ತರಲು ಹೋಗಬೇಡಿ, ಅಂಗಡಿಯವನು ಕೇಳುವ ಮೊದಲ ಪ್ರಶ್ನೆಯೇ ಸೈಜ್ ಎಷ್ಟು ಅನ್ನುವುದು.